ಅಕ್ಕನ ಹೆಗಲ ಮೇಲಿನ ಸೂರ್ಯ

ಹದ್ದಿನಕಲ್ಲು ಬೆಟ್ಟದ ಬುಡ
೨೨೩೧ನೇ ಇಸವಿ, ಕಳೆದ ವರ್ಷ ಶುರುವಾದ ಎರಡನೇ ಮಳೆಗಾಲದ ನಲವತ್ತೊಂದನೆಯ ದಿನ

ಇನ್ನೂರು ವರ್ಷ ಹಿಂದಿನ ಕಾಲದಲ್ಲಿ ಸೂರ್ಯೋದಯದ ಚಿತ್ರ ತೆಗೆಯಲು ಬೆಟ್ಟ ಹತ್ತುವವರಿಗೆ,

"ಬೆಟ್ಟಕ್ಕೆ ಮೊದಲು ಬರುವುದು ಬೆಳಕಲ್ಲ, ಗಾಳಿ" ಎಂಬ ಸಾಲೊಂದು ನನಗೆ ನೆನಪಿದೆ. ಅದರ ಮುಂದಿನದು ಮರೆತಿದೆ. ನಾನು ಚಿಕ್ಕವಳಿದ್ದಾಗ ಅವ್ವ ರೊಟ್ಟಿ ತಟ್ಟುತ್ತ ಅದನ್ನು ಹೇಳಿಕೊಳ್ಳುತ್ತಿದ್ದಳು. ಯಾರು ಬರೆದದ್ದೆಂದು ಅವಳಿಗೂ ತಿಳಿಯದು. ಈ ವಾರ ಎರಡು ಬೆಳಗುಗಳನ್ನು ಬೆಟ್ಟದ ಮೇಲೆ ಕಳೆದು ಬಂದ ಮೇಲೆ ಆ ಸಾಲು ಪೂರ್ತಿ ನಿಜವೇ ಎಂಬ ಅನುಮಾನ ಹುಟ್ಟಿದೆ. ಮೊದಲ ದಿನ ಗಾಳಿಯೇ ಇರಲಿಲ್ಲ. ಮೊದಲು ಬಂದದ್ದು ಪಿಕಳಾರ ಹಕ್ಕಿಯ ಕೂಗು, ಆಮೇಲೆ ಬಂದದ್ದು ಇನ್ನಷ್ಟು ಮಂಜು. ಬರೆದವರು ಬಹುಶಃ ಒಂದೇ ಒಂದು ಒಳ್ಳೆಯ ದಿನ ಹತ್ತಿ ಇಳಿದಿರಬೇಕು.

ಮೇಲಿನ ತಾರೀಖು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಮ್ಮಲ್ಲಿ ಮಳೆಗಾಲ ಕೆಲವು ವರ್ಷ ಎರಡು ಸಲ ಬರುತ್ತದೆ, ಕೆಲವು ವರ್ಷ ಮೂರು ಸಲ. ಮಾರ್ಚ್ ಎಂದರೆ ಸೆಕೆಯೋ ಚಳಿಯೋ ಹೇಳಲಾಗದು. ಆದ್ದರಿಂದ ತಿಂಗಳುಗಳ ಹೆಸರುಗಳು ಹಾಡುಗಳಲ್ಲಿ ಉಳಿದಿವೆ, ಬಳಕೆಯಲ್ಲಿ ಇಲ್ಲ. ನಾಲ್ಕು ಗಂಟೆಗೊಮ್ಮೆ ಗಾಳಿಯೋಲೆ ಬರುತ್ತದೆ. ಮುಂದಿನ ನಾಲ್ಕು ಗಂಟೆ ಆಕಾಶ ಹೇಗಿರುತ್ತದೆ ಎಂದು ತಿಳಿಸುವ ಸಂದೇಶ ಅದು. ಜನ ಅದನ್ನು ಓದುತ್ತಾರೆ, ಓದಿಯೂ ಕೊಡೆ ಹಿಡಿದೇ ಹೊರಡುತ್ತಾರೆ. ನನ್ನ ಭಾಷೆಯೂ ನಿಮಗೆ ತುಸು ತೊಡಕಾಗಬಹುದು. ಹಳೆಯ ಪುಸ್ತಕಗಳಲ್ಲಿ ಕಲಿತ ನಿಮ್ಮ ಕನ್ನಡದಲ್ಲಿ, ಆದಷ್ಟು ನೇರವಾಗಿ ಬರೆಯುತ್ತಿದ್ದೇನೆ.

ಇಷ್ಟೆಲ್ಲ ಅದಲುಬದಲಾದರೂ ಸೂರ್ಯ ಹುಟ್ಟುವ ಜಾಗ ಬದಲಾಗಿಲ್ಲ. ಹಗಲೂ ರಾತ್ರಿಯೂ ಸಮನಾಗುವ ದಿನವನ್ನು ನಾವು ಸಮಹಗಲು ಎನ್ನುತ್ತೇವೆ. ಅದೇ ನಮ್ಮ ಹೊಸ ವರ್ಷ. ಹದ್ದಿನಕಲ್ಲಿನ ತುದಿಯಿಂದ ಪೂರ್ವಕ್ಕೆ ನೋಡಿದರೆ ಎದುರಿನ ಗುಡ್ಡದ ಮೇಲೆ ಎರಡು ದೊಡ್ಡ ಬಂಡೆಗಳಿವೆ. ಎಡಗಡೆಯದು ಅಕ್ಕ, ಬಲಗಡೆಯದು ತಂಗಿ. ಸಮಹಗಲಿನ ಸೂರ್ಯ ಅವೆರಡರ ನಡುವಿನ ಸಂದಿನಲ್ಲಿ ಹುಟ್ಟುತ್ತಾನೆ. ಪ್ರತಿ ವರ್ಷ ಒಂದು ಮನೆಯಿಂದ ಒಬ್ಬರು ಹೋಗಿ ಅದರ ಚಿತ್ರ ತೆಗೆಯಬೇಕು. ಇದು ಬೆಳಕುಪಾಳಿ. ನಮ್ಮ ಹಿರಿಯರು ಇಲ್ಲಿ ಬಂದು ನೆಲೆಸಿದ ವರ್ಷದಿಂದ ಎಂಬತ್ತೆಂಟು ಪಾಳಿಗಳು ಆಗಿವೆ. ಊರಿಗೆಲ್ಲ ಒಂದೇ ಕ್ಯಾಮೆರಾ. ಅದರಲ್ಲಿ ಒಂದು ಚಿತ್ರಕ್ಕಷ್ಟೇ ಆಗುವ ಒಂದೇ ಗಾಜಿನ ಫಲಕ ಹಾಕಿ ಕೊಡುತ್ತಾರೆ. ಬೆಟ್ಟದ ತುದಿಯ ಬಂಡೆಯಲ್ಲಿ ಅದು ಕೂರುವಷ್ಟೇ ಅಗಲದ ಕುಳಿ ಕೊರೆದಿದೆ, ಅತ್ತಿತ್ತ ಸರಿಸಲಾಗದು. ಕೆಳಗೆ ಸಭೆಮನೆಯಲ್ಲಿ ಸೂರ್ಯೋದಯದ ನಿಮಿಷಕ್ಕೆ ಕಹಳೆ ಊದುತ್ತಾರೆ. ಸದ್ದು ಕೇಳಿದ ಕೂಡಲೇ ಗುಂಡಿ ಒತ್ತಬೇಕು, ಎದುರಿಗೆ ಏನಿದ್ದರೂ ಸರಿ.

ನಿಯಮ ಹಾಗಿದೆ. ಆದರೆ ಸೂರ್ಯ ಬಿದ್ದ ಚಿತ್ರಗಳಿಗೆ ಮಾತ್ರ ಸಭೆಮನೆಯ ಗೋಡೆ ಸಿಗುತ್ತದೆ. ಮೋಡವೋ ಮಂಜೋ ತುಂಬಿದ್ದನ್ನು ಬೂದಿ ಎಂದು ಕರೆದು ತಗಡಿನ ಪೆಟ್ಟಿಗೆಯಲ್ಲಿ ಇಡುತ್ತಾರೆ. ಗೋಡೆಯ ಮೇಲಿನ ಚಿತ್ರಗಳಿಗೆ ಮಕ್ಕಳು ಹೆಸರಿಟ್ಟಿದ್ದಾರೆ. ತೀರಿಹೋದ ಓಬಳಯ್ಯನವರ ಚಿತ್ರದಲ್ಲಿ ಸೂರ್ಯ ಅಕ್ಕನ ತಲೆಯ ಮೇಲಿರುವುದರಿಂದ ಅದು 'ಮುಡಿದ ಹೂ'. ನನ್ನ ಅವ್ವ ಸಂಪಿಗವ್ವ ಮೂವತ್ತೈದು ವರ್ಷದ ಹಿಂದೆ ತೆಗೆದದ್ದು 'ಅಕ್ಕನ ಹೆಗಲು'. ಅಕ್ಕ ಬಂಡೆಯ ಇಳಿಜಾರಿನ ಮೇಲೆ ಸೂರ್ಯ ಗಲ್ಲ ಊರಿ ಕೂತ ಹಾಗಿದೆ. ಅದು ಗೋಡೆಯ ನಟ್ಟನಡುವೆ ಇದೆ. ಊರಿಗೆ ಬಂದ ನೆಂಟರಿಗೆ ಮೊದಲು ತೋರಿಸುವುದು ಅದನ್ನೇ. ಎಪ್ಪತ್ತಾರರ ಅವ್ವನನ್ನು ಇಂದಿಗೂ ಜನ ಗುರುತಿಸುವುದು ಆ ಚಿತ್ರದಿಂದ.

ಈ ವರ್ಷ ಪಾಳಿ ಮತ್ತೆ ನಮ್ಮ ಮನೆಗೆ ಬಂತು. ಹೊರಡುವಾಗ ಪಕ್ಕದ ಮನೆಯ ತಿಪ್ಪೇಶಿ, ಓಬಳಯ್ಯನವರ ಮಗ, ಕಟ್ಟೆಯ ಮೇಲೆ ಕೂತು ಕೂಗಿದ: "ಕುಮುದಕ್ಕ, ಸಂಪಿಗಜ್ಜಿ ಹೆಸರು ಉಳಿಸ್ಬೇಕು ನೋಡು! ಬೂದಿ ತಂದ್ರೆ ಊರೊಳಗೆ ಬಿಟ್ಕಳಲ್ಲ." ಮುಂದಿನ ವರ್ಷದ ಪಾಳಿ ಅವನದೇ. ಅವ್ವ ಬುತ್ತಿಯಲ್ಲಿ ಎರಡು ದಿನಕ್ಕಾಗುವಷ್ಟು ರೊಟ್ಟಿ ಕಟ್ಟಿದ್ದಳು. ಯಾಕೆ ಇಷ್ಟೊಂದು ಎಂದು ಆಗ ನಾನು ಕೇಳಲಿಲ್ಲ.

ಬೆಳ್ಳಂಬೆಳಗ್ಗೆ ತುದಿ ಮುಟ್ಟಿದಾಗ ನಕ್ಷತ್ರಗಳಿದ್ದವು. ಗಾಳಿಯೋಲೆ ನಿರ್ಮಲ ಆಕಾಶ ಎಂದಿತ್ತು. ಅರ್ಧ ಗಂಟೆಯಲ್ಲಿ ಕಣಿವೆಯಿಂದ ಮಂಜು ಎದ್ದು ಮೊದಲು ಗುಡ್ಡ, ಆಮೇಲೆ ತಂಗಿ, ಕೊನೆಗೆ ಅಕ್ಕ ಮರೆಯಾದವು. ಲೆನ್ಸಿನ ಮೇಲಿನ ಪಸೆಯನ್ನು ಸೆರಗಿನಿಂದ ಒರೆಸುತ್ತಲೇ ಇದ್ದೆ. ಕಹಳೆ ಕೇಳಿದಾಗ ಎದುರಿಗೆ ಇದ್ದದ್ದು ತೊಳೆದ ಅಕ್ಕಿಯ ನೀರಿನ ಬಣ್ಣ. ಬೆರಳು ಗುಂಡಿಯ ಮೇಲೆ ನಿಂತುಬಿಟ್ಟಿತು. ಒಂದೇ ಫಲಕ, ನಾಳೆ ಒತ್ತಿದರೆ ಯಾರಿಗೆ ತಿಳಿಯುತ್ತದೆ ಎಂಬ ಯೋಚನೆ ಬಂತು, ಸುಳ್ಳು ಹೇಳಲಾರೆ. ಕಹಳೆ ನಿಲ್ಲುವ ಮೊದಲು ಒತ್ತಿದೆ.

ಇಳಿಯಲು ಹೊರಟರೆ ಮಳೆ ಹಿಡಿಯಿತು. ದಾರಿಯಲ್ಲಿ ಅಡ್ಡವಿರುವ ಹಳ್ಳ ತುಂಬಿ, ಅಂದು ರಾತ್ರಿ ಬಂಡೆಯಡಿಯ ಗವಿಯಲ್ಲೇ ಉಳಿಯಬೇಕಾಯಿತು. ಮರುದಿನ ಬೆಳಗ್ಗೆ ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ. ಖಾಲಿ ಕೈಯಲ್ಲಿ ಕುಳಿಯ ಹಿಂದೆ ಕೂತು ನೋಡಿದೆ. ಸಮಹಗಲಿನ ದಿನಗಳಲ್ಲಿ ಸೂರ್ಯ ದಿನಕ್ಕೆ ಹೆಚ್ಚುಕಡಿಮೆ ತನ್ನದೇ ಅಗಲದಷ್ಟು ಎಡಕ್ಕೆ ಸರಿಯುತ್ತಾನೆ. ಅಂದು ಅವನು ಸಂದಿನಲ್ಲಿ ಹುಟ್ಟಲಿಲ್ಲ. ಅಕ್ಕನ ಹೆಗಲ ಮೇಲೆ, ಗಲ್ಲ ಊರಿ, ನಾನು ಹದಿಮೂರನೆಯ ವಯಸ್ಸಿನಿಂದ ಗೋಡೆಯ ಮೇಲೆ ನೋಡುತ್ತ ಬಂದಿದ್ದ ಹಾಗೆಯೇ ಹುಟ್ಟಿದ. ಹಳ್ಳ ತುಂಬಿತ್ತು ಅಂತ ಅವ್ವ ಆ ವರ್ಷ ಒಂದು ದಿನ ತಡವಾಗಿ ಬಂದದ್ದು ನೆನಪಾಯಿತು. ಚೆಲುವಾಗಿದೆ ಎಂದು ನೋಡಿದವರು ಯಾರೂ ಅಳೆಯಲು ಹೋಗಿರಲಿಲ್ಲ.

ಒಂದು ದಿನದ ವ್ಯತ್ಯಾಸ ಅಂಥ ದೊಡ್ಡದೇ ಎಂದು ನೀವು ಕೇಳಬಹುದು. ಕೆರೆಯ ತೂಬನ್ನು ಯಾವಾಗ ಎತ್ತಬೇಕೆಂದು ನಿರ್ಧರಿಸುವವರು ಈ ಚಿತ್ರಗಳ ಸಾಲನ್ನು ನೋಡುತ್ತಾರೆ: ಯಾವ ವರ್ಷದ ಸಮಹಗಲಿಗೆ ಬಿಸಿಲಿತ್ತು, ಯಾವ ವರ್ಷ ಮೋಡವಿತ್ತು, ಆಮೇಲೆ ಮಳೆ ಹೇಗೆ ಬಂತು. ನಮಗಿರುವ ಪಂಚಾಂಗ ಅದೊಂದೇ. ಅದರಲ್ಲಿ ಇಲ್ಲದ ಬಿಸಿಲೊಂದು ಸೇರಿಕೊಂಡಿದೆ, ಸೇರಿಸಿದವಳು ನನ್ನ ತಾಯಿ.

ಮನೆಗೆ ಬಂದು ಅವ್ವನ ಮುಂದೆ ಕೂತೆ. ನಾನು ಬಾಯಿ ತೆಗೆಯುವ ಮೊದಲೇ ಅವಳು ಕೇಳಿದಳು: "ಹೆಗಲ ಮೇಲೆ ಹುಟ್ಟಿದ್ನಾ?" ಹೂಂ ಅಂದೆ. ಅವಳು ಸ್ವಲ್ಪ ಹೊತ್ತು ಸೊಪ್ಪು ಬಿಡಿಸಿದಳು. "ಹೇಳಾಕೆ ಅಂತ ಮೂರು ಸಲ ಸಭೆಮನೆ ಮೆಟ್ಲು ಹತ್ತಿದ್ದೆ ಕಣೆ. ಹತ್ತಿದಾಗೆಲ್ಲ ಯಾರಾದ್ರೂ ಚೆನ್ನಾಗೈತೆ ಅಂದುಬಿಡೋರು." ಮತ್ತೆ ಸೊಪ್ಪು. "ಗೋಡೆಯಿಂದ ಅದನ್ನ ತೆಗೆಸು. ನಾನು ಇರೋವಾಗ್ಲೇ ತೆಗೆಸು. ಈಗಾದ್ರೆ ಎದುರಿಗೆ ಬೈದು ಸುಮ್ಮನಾಗ್ತಾರೆ, ನಾನೂ ನಾಕು ಮಾತು ತಿರುಗಿ ಬೈಬೋದು."

ಇಂದು ಬೆಳಗ್ಗೆ ಸಭೆಮನೆಗೆ ಹೋಗಿ ಹೇಳಿಬಂದೆ. ನಾಳೆ ಅವ್ವನ ಚಿತ್ರ ಇಳಿಸಿ, ಸರಿಯಾದ ದಿನ ಬರೆದು ಬೇರೆ ಇಡುತ್ತಾರೆ. ಆ ವರ್ಷದ ಜಾಗ ಖಾಲಿ ಇರುತ್ತದೆ. ನನ್ನ ಬೂದಿಯನ್ನು ಗೋಡೆಗೆ ಹಾಕಿ ಎಂದು ಕೇಳಿದ್ದೇನೆ, ಉತ್ತರ ಬಂದಿಲ್ಲ. ಅವ್ವ ಮಧ್ಯಾಹ್ನ ಊಟ ಮಾಡಿಲ್ಲ. ಎದ್ದು ಹೊರಗೆ ಹೋದರೆ ಜನ ಹೇಗೆ ನೋಡುತ್ತಾರೋ ಎಂದು ಒಳಗೇ ಮಲಗಿದ್ದಾಳೆ.

ಇದನ್ನೆಲ್ಲ ನಿಮಗೆ ಬರೆಯಲು ಕಾರಣವಿದೆ. ನಮ್ಮ ಹಿರಿಯರು ಇಲ್ಲಿಗೆ ಬರುವಾಗ ನಿಮ್ಮ ಕಾಲದ ನಲವತ್ತು ಸೂರ್ಯೋದಯದ ಚಿತ್ರಗಳನ್ನು ತಂದಿದ್ದರು. ನೀವು ಫೋನುಗಳಲ್ಲಿ ಇಟ್ಟದ್ದೆಲ್ಲ ಅಳಿದುಹೋಗಿ, ಕಾಗದದ ಮೇಲೆ ಅಚ್ಚು ಹಾಕಿಸಿದವು ಮಾತ್ರ ಉಳಿದಿದ್ದವು. ನಲವತ್ತರಲ್ಲೂ ಆಕಾಶ ತೊಳೆದಿಟ್ಟಂತಿದೆ. ನಿಮ್ಮ ಕಾಲದಲ್ಲಿ ಬೆಟ್ಟ ಹತ್ತಿದವರಿಗೆಲ್ಲ ಸೂರ್ಯ ತಪ್ಪದೆ ಸಿಗುತ್ತಿದ್ದ ಎಂದು ನಾವು ನಂಬಿದೆವು. ಸಿಗದಿದ್ದರೆ ನಮ್ಮದೇ ಕೊರತೆ ಎಂದುಕೊಂಡೆವು. ಆ ಗೋಡೆಯೂ ಪೆಟ್ಟಿಗೆಯೂ ಹುಟ್ಟಿದ್ದು ಹಾಗೆ, ಅವ್ವ ಗವಿಯಲ್ಲಿ ಒಂದು ರಾತ್ರಿ ಹೆಚ್ಚಿಗೆ ಕೂತದ್ದೂ ಅದಕ್ಕೇ. ನಿಮಗೂ ಮಂಜು ಕವಿದಿರಬೇಕು, ನೀವೂ ಲೆನ್ಸು ಒರೆಸಿ ಸಾಕಾಗಿ, ಬೈದುಕೊಂಡು ಇಳಿದಿರಬೇಕು. ಅಂಥ ಬೆಳಗಿನ ಚಿತ್ರವನ್ನು ದಯವಿಟ್ಟು ಅಳಿಸಬೇಡಿ. ಒಂದನ್ನಾದರೂ ಕಾಗದದ ಮೇಲೆ ಹಾಕಿಸಿ, ಹಿಂದೆ ದಿನ ಬರೆದಿಡಿ. ನಾನು ಕೇಳುವುದು ಇಷ್ಟೇ.

ಪತ್ರ ಮುಗಿಸಿ ಮಡಿಸುವಷ್ಟರಲ್ಲಿ ತಿಪ್ಪೇಶಿ ಕ್ಯಾಮೆರಾ ತೆಗೆದುಕೊಳ್ಳಲು ಬಂದ. ಅವನು ಆಡಿದ ಮಾತನ್ನೂ ಸೇರಿಸುತ್ತೇನೆ. ನಾನು ಕೊಟ್ಟೆ. ಅವನು ಹೋಗಲಿಲ್ಲ, ಹೊಸ್ತಿಲಾಚೆ ನಿಂತು ಕ್ಯಾಮೆರಾದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಿದ್ದ. ಆಮೇಲೆ ಒಳಗೆ ಮಲಗಿದ್ದ ಅವ್ವನಿಗೂ ಕೇಳಲಿ ಎಂಬಂತೆ ದನಿ ಎತ್ತಿ ಹೇಳಿದ: "ಸಂಪಿಗಜ್ಜಿದು ಒಂದೇ ಯಾಕೆ ಇಳಿಸ್ತಾರೆ, ಕುಮುದಕ್ಕ? ನಮ್ಮಪ್ಪಂದೂ ಇಳಿಸಾಕೆ ಹೇಳು. ಅಜ್ಜಿ ಕಾದಿದ್ದು ಒಂದು ರಾತ್ರಿ, ನಮ್ಮಪ್ಪ ಎರಡು ಕಾದಿದ್ದ."