ಗುಟ್ಟೆಗೆ ಆರು ಸುತ್ತು

ಮಾರ್ಚ್ 24, 2003. ಸೋಮವಾರ. ಬೆಳಿಗ್ಗೆ 6.15

ಲೇಔಟಿನ ನೀರಿನ ವಾಲ್ವ್ ಹದಿನಾಲ್ಕು ಸುತ್ತು ಬಿಟ್ಟೆ. ಪೂರ್ತಿ. ದಿನ ಬಿಟ್ಟು ದಿನ ಅವರಿಗೆ ಹೀಗೇ. ಒಬ್ಬರು ಗೇಟಿನ ಮುಂದೆ ಪೈಪ್ ಹಿಡಿದು ಕಾರು ತೊಳೆಯುತ್ತಿದ್ದರು. ನನ್ನನ್ನು ನೋಡಿ ಫೋರ್ಸ್ ಕಮ್ಮಿ ಕಣಯ್ಯ ಎಂದರು. ತಲೆ ಆಡಿಸಿ ಬಂದೆ. ಅಂಥವರ ಮುಂದೆ ನನಗೆ ಮಾತು ಬರುವುದಿಲ್ಲ.

ನಮ್ಮ ಗುಟ್ಟೆ ಕಾಲೋನಿಗೆ ನೀರು ಬಿಟ್ಟು ನಾಳೆಗೆ ಎಂಟು ದಿನ. ಬಿಟ್ಟರೂ ಆರೇ ಸುತ್ತು. ಇಂಜಿನಿಯರ್ ಹೇಳಿದ ಲೆಕ್ಕ. ಗುಟ್ಟೆ ಎತ್ತರ, ನೀರು ಹತ್ತಲ್ಲ ಅನ್ನುತ್ತಾರೆ. ಹತ್ತುತ್ತದೆ. ಲೇಔಟ್ ಮುಚ್ಚಿ ಗುಟ್ಟೆ ಪೂರ್ತಿ ತೆಗೆದರೆ ತುದಿ ಮನೆಯ ನಲ್ಲಿಯಲ್ಲೂ ಧಾರೆ ಬರುತ್ತದೆ. ವಾಲ್ವಿನ ಕೀ ತಿರುಗಿಸುವವನು ನಾನು. ನನಗೆ ಗೊತ್ತು.

ನಾಳೆ ಗುಟ್ಟೆಯ ಹೆಂಗಸರು ಮೇನ್ ರೋಡಿನಲ್ಲಿ ಖಾಲಿ ಕೊಡ ಇಟ್ಟುಕೊಂಡು ಕೂರುತ್ತಾರಂತೆ. ಅಮ್ಮ ತನ್ನ ಮದುವೆಯ ಹಿತ್ತಾಳೆ ಬಿಂದಿಗೆ ಇಳಿಸಿ ಹುಣಸೆಹಣ್ಣಿನಲ್ಲಿ ಉಜ್ಜುತ್ತಿದ್ದಾಳೆ. ಪ್ಲಾಸ್ಟಿಕ್ಕಿನದು ಸಾಕಮ್ಮ ಎಂದೆ. ಪೇಪರಿನವರು ಫೋಟೋ ತೆಗೆಯುತ್ತಾರಂತೆ, ಅದಕ್ಕೆ. ತೊಳೆಯಲು ನೀರಿಲ್ಲ. ಹಳೇ ಸೀರೆಯಲ್ಲಿ ಒರೆಸಿದಳು.

ಮಾರ್ಚ್ 25. ಸಂಜೆ

ಹತ್ತರಿಂದ ಎರಡರವರೆಗೆ ಕೂತರು. ಮೂವತ್ತೈದು ಹೆಂಗಸರು. ನೀರಿನ ಆಫೀಸಿನಿಂದ ಒಬ್ಬರೂ ಬರಲಿಲ್ಲ. ಚಿಂತಾಮಣಿ ಬಸ್ಸು ನಿಂತಿತು, ಗೌರಿಬಿದನೂರು ಬಸ್ಸು ನಿಂತಿತು. ಇಳಿದವರೆಲ್ಲ ಬೈದುಕೊಂಡು ನಡೆದರು. ಆಮೇಲೆ ಲೇಔಟಿನ ಹರಿಕೃಷ್ಣ, ಕ್ವಾಲಿಸ್‌ನಲ್ಲಿ. ಹಾರನ್ ಹೊಡೆದ. ಅಮ್ಮ ಏಳಲಿಲ್ಲ. ಗಾಡಿ ತಿರುಗಿಸಿ ಬಿಂದಿಗೆಯ ಮೇಲೇ ಹತ್ತಿಸಿದ. ಪಕ್ಕದಲ್ಲಿ ಜಾಗ ಇತ್ತು. ನಾನು ನೋಡಿದೆ. ಜಾಗ ಇತ್ತು.

ಅಮ್ಮ ಚಪ್ಪಟೆಯಾದದ್ದನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಅವನು ಗಾಜು ಇಳಿಸಿ—

“ಖಾಲಿದು ತಾನೇನಮ್ಮ? ಏನು ಚೆಲ್ಲೋಯ್ತು?”

ಜನ ನಕ್ಕರು. ಟೀ ಅಂಗಡಿ ಕೋನಪ್ಪನೂ ನಕ್ಕ.

ನಾನು ಅಲ್ಲೇ ಇದ್ದೆ. ಹೆಗಲ ಮೇಲೆ ವಾಲ್ವ್ ಕೀ, ನಾಲ್ಕಡಿ ಕಬ್ಬಿಣ. ಒಂದು ಮಾತು ಆಡಲಿಲ್ಲ.

ತಂಗಿ ಕಲ್ಯಾಣಿ ಪಾತ್ರೆ ತೊಳೆಯುವುದು ಅದೇ ಹರಿಕೃಷ್ಣನ ಮನೆಯಲ್ಲಿ. ನಾಳೆಯಿಂದ ಹೋಗಬೇಡ ಎಂದೆ. ಮತ್ತೆಲ್ಲಿಗೆ ಹೋಗಲಿ ಎಂದು ಕೇಳಿದಳು.

ಮಾರ್ಚ್ 26

ಬೀದಿ ಬೀದಿಗೆ ನೀರು ಬಿಡುತ್ತಾ ಹೋದರೆ ಊರಿನ ಬಾಯೆಲ್ಲ ಕಿವಿಗೆ ಬೀಳುತ್ತದೆ. ನಾನಿದ್ದೇನೆ ಎಂದು ಯಾರೂ ಮಾತು ನಿಲ್ಲಿಸುವುದಿಲ್ಲ. ಬಟ್ಟೆ ಅಂಗಡಿಯವರ ಪ್ರಕಾರ ಯಾರೋ ಹಿಂದೆ ನಿಂತು ಹೆಂಗಸರನ್ನು ಕೂರಿಸಿದ್ದಾರೆ. ರಿಟೈರ್ಡ್ ಮೇಷ್ಟ್ರು — ಕೇಳುವುದು ನ್ಯಾಯ, ರಸ್ತೆಯಲ್ಲಿ ಕೂರುವುದು ತಪ್ಪು. ಹಾಗಾದರೆ ಎಲ್ಲಿ ಕೂರಬೇಕಿತ್ತು ಸಾರ್ ಎಂದು ಕೇಳಬೇಕಿತ್ತು. ಈಗ ಹೊಳೆಯುತ್ತಿದೆ.

ಕೋನಪ್ಪನದು ಗಿರಾಕಿಗಳಿಗೆಲ್ಲ ಒಂದೇ ಮಾತು: “ಮನೇಲಿ ಟಿವಿ ಐತೆ, ಟೇಪ್‌ರೆಕಾರ್ಡ್ರು ಐತೆ. ನೀರೊಂದಿಲ್ವಂತೆ. ಕೆಲ್ಸ ಇಲ್ದೋರು ಕಣಪ್ಪ.”

ಟೀ ಅರ್ಧ ಬಿಟ್ಟು ಎದ್ದೆ. ಅದೇ ನನ್ನ ಹೋರಾಟ. ಥೂ.

ಹೂ ಮಾರುವ ಮುನಿಶಾಮಮ್ಮ ಒಬ್ಬಳೇ ಲೇಔಟಿನ ಕಡೆ ಮಣ್ಣು ತೂರಿ ತೆಲುಗಿನಲ್ಲಿ ಶಪಿಸಿದಳು. ವಾಡಿ ಸಂಪು ಎಂಡಿಪೋನು. ಅವನ ಸಂಪು ಒಣಗಿಹೋಗಲಿ ಅಂತ. ಮಧ್ಯಾಹ್ನದಿಂದ ಆ ಮಾತೇ ತಲೆಯಲ್ಲಿ.

ಮಾರ್ಚ್ 28. ಬೆಳಿಗ್ಗೆ

ಲೇಔಟಿಗೆ ಎರಡು ಸುತ್ತು. ಪೈಪಿನಲ್ಲಿ ಸದ್ದಾಗುತ್ತದೆ. ಸಂಪಿಗೆ ಬೀಳುವುದಿಲ್ಲ.

ಸಂಪಿನಲ್ಲಿ ನಾಲ್ಕೈದು ದಿನದ ನೀರು ಇರುತ್ತದೆ. ಕಾಯಬೇಕು. ಕಾಯುವುದು ಗುಟ್ಟೆಯವರಿಗೆ ಅಭ್ಯಾಸ.

ಉಳಿದ ನೀರನ್ನು ಗುಟ್ಟೆಗೂ ತಿರುಗಿಸಲಿಲ್ಲ. ತಿರುಗಿಸಿದರೆ ಸಿಕ್ಕಿಬೀಳುತ್ತೇನೆ. ಟ್ಯಾಂಕಿನಲ್ಲೇ ನಿಂತಿರಲಿ. ಈಗ ನನಗೆ ಬೇಕಾದ್ದು ನೀರಲ್ಲ.

ಏಪ್ರಿಲ್ 2. ಯುಗಾದಿ

ಇವತ್ತಿನದನ್ನು ಸಾಯುವತನಕ ಮರೆಯುವುದಿಲ್ಲ. ಹರಿಕೃಷ್ಣ ಗೇಟಿನಲ್ಲಿ ಟವೆಲ್ ಸುತ್ತಿಕೊಂಡು ನಿಂತಿದ್ದ. ತಲೆಯಿಂದ ಕಾಲಿನವರೆಗೆ ಹರಳೆಣ್ಣೆ. ಹಬ್ಬದ ಸ್ನಾನಕ್ಕೆ ಎಣ್ಣೆ ಹಚ್ಚಿಕೊಂಡ ಮೇಲೆ ನಲ್ಲಿ ತಿರುಗಿಸಿದ್ದಾನೆ. ಗಾಳಿ ಬಂದಿದೆ. ಕಣ್ಣಿಗೆ ಎಣ್ಣೆ ಇಳಿದು ಕೆಂಪಗಾಗಿತ್ತು. ನೀರೇನಯ್ಯ ಎಂದ. ಬೋರ್‌ವೆಲ್ ಇಳಿದುಹೋಗಿದೆ ಸಾರ್ ಎಂದೆ. ನಾಲಿಗೆ ತಡವರಿಸಲಿಲ್ಲ.

ಮನಸ್ಸಿನಲ್ಲಿ ಹೇಳಿಕೊಂಡೆ — ಖಾಲಿ ಸಂಪು ತಾನೇ ಸಾರ್, ಏನು ಚೆಲ್ಲೋಯ್ತು?

ಸಂಜೆ

ಕಲ್ಯಾಣಿ ಭುಜ ಹಿಡಿದುಕೊಂಡು ಬಂದಳು. ಹರಿಕೃಷ್ಣನ ಮನೆಯವರು ಮೂಲೆಯ ಹ್ಯಾಂಡ್‌ಪಂಪಿನಿಂದ ಮಹಡಿಗೆ ಹದಿನೆಂಟು ಕೊಡ ಹೊರಿಸಿದರಂತೆ. ಈ ಯೋಚನೆ ನನಗೆ ಬಂದೇ ಇರಲಿಲ್ಲ… ಅವರ ನಲ್ಲಿ ನಿಂತರೆ ಹೊರುವವರು ಯಾರು ಎಂದು.

ಇನ್ನೆರಡು ದಿನ ತಡ್ಕೊಳೇ ಎಂದೆ. ಯಾಕೆ ಎಂದಳು. ಹೇಳಲಿಲ್ಲ.

ಏಪ್ರಿಲ್ 5. ಶನಿವಾರ

ಲೇಔಟಿನವರು ರಸ್ತೆಗೆ ಬಂದರು. ಅದೇ ಜಾಗ. ಶಾಮಿಯಾನ, ಕುರ್ಚಿ, ಮೈಕು. ನೀರು ಎಲ್ಲರ ಹಕ್ಕು ಎಂದು ಹರಿಕೃಷ್ಣ ಭಾಷಣ ಮಾಡಿದ. ನಗಬೇಕೆಂದೇ ಹೋಗಿದ್ದೆ.

ಶಾಮಿಯಾನದ ಹೊರಗೆ, ಬಿಸಿಲಿನಲ್ಲಿ, ಖಾಲಿ ಕೊಡ ಹಿಡಿದ ಹೆಂಗಸರ ಸಾಲು. ಒಬ್ಬರೂ ಲೇಔಟಿನವರಲ್ಲ. ಎಲ್ಲ ಮನೆಕೆಲಸದವರು. ಎಲ್ಲ ಗುಟ್ಟೆಯವರು. ಎರಡನೆಯವಳು ಕಲ್ಯಾಣಿ. ನನ್ನನ್ನು ನೋಡಿ ಕೊಡವನ್ನು ಮುಖಕ್ಕೆ ಅಡ್ಡ ಹಿಡಿದಳು.

ಸಂಜೆ ಕೇಳಿದೆ.

“ಅಮ್ಮೋರಿಗೆ ಬಿಸ್ಲಲ್ಲಿ ನಿಲ್ಲಕ್ಕಾಗಲ್ವಂತೆ. ನೀನಿಡ್ಕೊ ಅಂದ್ರು, ಇಡ್ಕೊಂಡೆ.”

“ಆಗಲ್ಲ ಅನ್ನಬೇಕಿತ್ತು.”

“ನೀನು ಯಾರಿಗೆ ಅಂದಿದ್ದೀಯ ಅಣ್ಣ, ಆಗಲ್ಲ ಅಂತ?” ಮತ್ತೆ ಅವಳೇ — “ಮುಕ್ಕಾಲು ಗಂಟೆಗೇ ಜೀಪು ಬಂತು. ಇಂಜಿನಿಯರ್ ಕೈ ಮುಗ್ದ. ಅಮ್ಮ ನಾಲ್ಕು ಗಂಟೆ ಕೂತಿದ್ಲಲ್ವಾ?”

ಏಪ್ರಿಲ್ 6

ಪೇಪರಿನಲ್ಲಿ ಫೋಟೋ. ನೀರಿಗಾಗಿ ಬೀದಿಗಿಳಿದ ಲೇಔಟ್ ನಿವಾಸಿಗಳು. ನಡುವೆ ಕಲ್ಯಾಣಿಯ ಮುಖ, ಅರ್ಧ. ಅಮ್ಮನ ದಿನದ ಫೋಟೋ ಬಂದೇ ಇರಲಿಲ್ಲ.

ಕೋನಪ್ಪ ಅಂಗಡಿಯಲ್ಲಿ ಎಲ್ಲರಿಗೂ ತೋರಿಸುತ್ತಿದ್ದ: “ಪಾಪ ಕಣಪ್ಪ. ಓದ್ದೋರು, ಮಾನಸ್ಥರು, ಬೀದಿಗೆ ಬಂದವ್ರೆ ಅಂದ್ರೆ ಎಷ್ಟು ಕಷ್ಟ ಆಗಿರ್ಬೇಕು ನೋಡು.”

ಮೇಷ್ಟ್ರು ತಲೆ ಆಡಿಸಿದರು. ರಸ್ತೆ ತಪ್ಪು ಅನ್ನಲಿಲ್ಲ ಈ ಸಲ.

ಏಪ್ರಿಲ್ 7

ಆರ್ಡರ್ ಬಂತು. ಲೇಔಟಿಗೆ ಇನ್ನು ದಿನಾ ನೀರು, ಹದಿನಾಲ್ಕು ಸುತ್ತು. ಸಂಪು ತುಂಬುವತನಕ ವಾಲ್ವ್ ಹತ್ತಿರವೇ ನಿಂತಿರಬೇಕು ನಾನು. ಗುಟ್ಟೆಗೆ ಎಂಟು ದಿನದ ಬದಲು ಹನ್ನೆರಡು.

ಮಾಡಿದ್ದು ನಾನು. ಇಂಜಿನಿಯರ್ ಅಲ್ಲ, ಹರಿಕೃಷ್ಣ ಅಲ್ಲ. ನಾನು.

ಏಪ್ರಿಲ್ 12

ನಾಲ್ಕು ದಿನ ಬರೆಯಲಿಲ್ಲ. ಬರೆಯುವುದೇನು? ಲೇಔಟ್ ಹದಿನಾಲ್ಕು, ಲೇಔಟ್ ಹದಿನಾಲ್ಕು.

ಪಾತ್ರೆ ರಿಪೇರಿಯವನು ಶಿಡ್ಲಘಟ್ಟದಿಂದ ಬಂದಿದ್ದ. ಅಮ್ಮನ ಬಿಂದಿಗೆ ಬಡಿದು ಎತ್ತಿಕೊಟ್ಟ. ಒಂದು ಪಕ್ಕ ಸೊಟ್ಟ. ಆದರೂ ನೀರು ಹಿಡಿಯುತ್ತದಂತೆ. ಹಾಕಿ ನೋಡಲು ನೀರಿರಲಿಲ್ಲ.

ಅದನ್ನು ನೋಡುತ್ತಾ ಅಮ್ಮನಿಗೆ ಎಲ್ಲ ಹೇಳಿಬಿಟ್ಟೆ. ಎರಡು ಸುತ್ತು, ಸಂಪು, ಎಣ್ಣೆ ಹಚ್ಚಿಕೊಂಡು ನಿಂತ ಹರಿಕೃಷ್ಣ. ಎಣ್ಣೆಯ ಮಾತಿಗೆ ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ.

“ಕೀ ನಿನ್ ಕೈಲೇ ಇತ್ತಲ್ಲಪ್ಪ ಭಾನು. ಅವ್ರಿಗೆ ಮುಚ್ಚೋಕೆ ಬಂತು. ನಮಗೆ ಬಿಡೋಕೆ ಬರ್ಲಿಲ್ವಾ?”

ಬಿಂದಿಗೆ ಬೋರಲು ಹಾಕಿ ಒಳಗೆ ಹೋದಳು.

ಏಪ್ರಿಲ್ 14. ಸೋಮವಾರ. ಬೆಳಿಗ್ಗೆ 7.30

ಮುಗಿಸಿ ಬಂದೆ.

ಐದು ಗಂಟೆಗೆ ಲೇಔಟ್ ಪೂರ್ತಿ ಮುಚ್ಚಿದೆ. ಗುಟ್ಟೆ ಪೂರ್ತಿ ತೆಗೆದೆ. ಆರಕ್ಕೆ ನಿಲ್ಲಲಿಲ್ಲ ಕೈ. ಏಳು, ಎಂಟು… ಹದಿನಾಲ್ಕು. ಆಮೇಲೆ ಕೀ ಕೂರುವ ತಲೆಯನ್ನು ಸುತ್ತಿಗೆಯಿಂದ ಹೊಡೆದೆ. ಎರಡು ವಾಲ್ವಿನದೂ. ಬುಡಕ್ಕೆ ಮುರಿಯಿತು. ಇನ್ನು ಯಾರೂ ತಿರುಗಿಸಲಾಗದು. ಹೊಸದು ಬೆಂಗಳೂರಿನಿಂದ ಬರಬೇಕು. ಹೋದ ವರ್ಷ ಒಂದು ಮುರಿದಾಗ ಹನ್ನೆರಡು ದಿನ ಹಿಡಿದಿತ್ತು. ಹನ್ನೆರಡು. ಅವರೇ ಕೊಟ್ಟ ಲೆಕ್ಕ.

ಕಲ್ಯಾಣಿಗೆ ಇವತ್ತಿನಿಂದ ಆ ಮನೆಗೆ ಹೋಗಬೇಡ ಎಂದೆ. ಹೋಗಲ್ಲ ಎಂದಳು.

ಅಂಬೇಡ್ಕರ್ ಜಯಂತಿಗೆ ಗುಟ್ಟೆಯಲ್ಲಿ ನೀಲಿ ಬಾವುಟ ಕಟ್ಟಿದ್ದಾರೆ. ಕೆಳಗೆಲ್ಲ ನೀರು. ತುದಿ ಮನೆಯಲ್ಲೂ ಧಾರೆ. ಮಕ್ಕಳು ನಲ್ಲಿಗೆ ತಲೆ ಒಡ್ಡಿ ಕೂತಿವೆ. ಅಮ್ಮ ಸೊಟ್ಟ ಬಿಂದಿಗೆ ತುಂಬಿಸಿದಳು. ಸೋರಲಿಲ್ಲ.

8.20

ಜೀಪು ಗುಟ್ಟೆ ಹತ್ತುತ್ತಿದೆ. ಮುಂದೆ ಇಂಜಿನಿಯರ್. ಹಿಂದೆ ಹರಿಕೃಷ್ಣ. ಪಂಪ್ ಹೌಸಿನ ಚೆನ್ನರಾಯಪ್ಪನನ್ನೂ ಕೂರಿಸಿಕೊಂಡು ಬಂದಿದ್ದಾರೆ. ಪಾಪ, ಮುದುಕ ಅಳುತ್ತಿದ್ದಾನೆ. ಅವನಿಗೆ ಏನೂ ಗೊತ್ತಿಲ್ಲ.

ಯಾರು ಮುರಿದದ್ದು ಎಂದು ಬಾಗಿಲು ಬಾಗಿಲಿಗೆ ಕೇಳುತ್ತಿದ್ದಾರೆ. ಯಾರೂ ಬಾಯಿ ಬಿಡುತ್ತಿಲ್ಲ. ಅಮ್ಮ ತುಂಬಿದ ಬಿಂದಿಗೆ ಸೊಂಟದ ಮೇಲಿಟ್ಟುಕೊಂಡು ಹೊಸಿಲಲ್ಲೇ ನಿಂತಿದ್ದಾಳೆ, ಹರಿಕೃಷ್ಣನ ಕಣ್ಣಿಗೆ ಬೀಳುವ ಹಾಗೆ. ಈಗ ನಮ್ಮ ಬಾಗಿಲು. ಬಾಯಿ ಒಣಗಿದೆ. ಒಣಗಲಿ. ಕೀ ತಗೊಂಡೇ ಹೊರಗೆ ಹೋಗುತ್ತೇನೆ. ಹರಿಕೃಷ್ಣನಿಗೆ ಕೇಳುವಷ್ಟು ಗಟ್ಟಿಯಾಗಿ, ನಾನೇ ಅಂತ ಹೇಳ—