ಖಾಲಿ ಬ್ಯಾಟರಿಗೆ ಹಾಕಿದ ರಬ್ಬರ್

ಅಂಕಿತಾ,

ನೀರುಂಡ ವೀಳ್ಯದೆಲೆ ಬಳ್ಳಿಯ ವಾಸನೆ ಬಂದರೆ ನನಗೆ ಈಗಲೂ ಚಿಕ್ಕಂದಿನಲ್ಲಿ ಕಂಡ ಅಪ್ಪನ ತೋಟ ನೆನಪಾಗುತ್ತದೆ. ನಿನ್ನೆ ಸವಣೂರಿನಲ್ಲಿ ಹಾಲವ್ವನ ತೋಟದಲ್ಲೂ ಅದೇ ವಾಸನೆ. ರೋಗ ಬಿದ್ದ ಬಳ್ಳಿಗಳನ್ನು ಕೀಳುವ ಮೊದಲು ಅವುಗಳ ನಡುವೆ ನಿಂತು ಒಂದು ಫೋಟೊ ತೆಗೆಸಿಕೊಳ್ಳಬೇಕೆಂದು ಅವಳು ಹೊಸ ಸೀರೆ ಉಟ್ಟು ಕಾದಿದ್ದಳು. ನನ್ನ ಕ್ಯಾಮೆರಾ ಕಣ್ಣೇ ತೆರೆಯಲಿಲ್ಲ.

ತುಂಬಿದ ಬ್ಯಾಟರಿಗೆ ಮಾತ್ರ ರಬ್ಬರ್ ಬ್ಯಾಂಡ್ ಹಾಕುವುದೆಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಗೆಳತಿಯರ ವಿಡಿಯೊ ತೆಗೆದು ಕ್ಯಾಮೆರಾದ ಎರಡೂ ಬ್ಯಾಟರಿಗಳನ್ನು ಖಾಲಿ ಮಾಡಿದ ನೀನು ಅವಕ್ಕೇ ರಬ್ಬರ್ ಹಾಕಿಟ್ಟೆ. ಕೇಳಿದರೆ, "ಎಲ್ಲಾ ತುಂಬ್ಯಾವ ಅಜ್ಜಿ, ನೀ ಹೋಗಿ ಬಾ" ಅಂದೆ. ನೀನು ಮರೆತು ಹಾಗೆ ಮಾಡಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಎರಡರ ತಾಮ್ರದ ತುದಿಗಳನ್ನೂ ಒಣ ಬಟ್ಟೆಯಿಂದ ಒರೆಸಿ ಚಾರ್ಜಿಗೆ ಹಾಕು. ಹಸಿರು ದೀಪ ಬಂದ ಕೂಡಲೇ ತೆಗೆದು ಆರಲು ಬಿಡು. ಉಬ್ಬಿದ ಹಳೆಯ ಬ್ಯಾಟರಿಯನ್ನು ಮುಟ್ಟಬೇಡ. ರಬ್ಬರನ್ನು ಇನ್ನು ಮೇಲೆ ನಾನೇ ಹಾಕುತ್ತೇನೆ.

ಹಾಲವ್ವನ ರೊಟ್ಟಿ ಡಬ್ಬಿಯನ್ನು ಹಿಂದಿರುಗಿಸಿ ಬರಲು ಹೊರಟಿದ್ದೇನೆ. ನಿನ್ನ ಪಾಲಿನ ರೊಟ್ಟಿಯನ್ನು ಒಲೆಯ ಪಕ್ಕ ಮುಚ್ಚಿಟ್ಟಿದ್ದೇನೆ. ನಿನ್ನೆ ಆಳುಗಳು ಬಳ್ಳಿ ಕೀಳುತ್ತಿದ್ದಾಗ ಅವಳು ಫೋಟೊದ ಮಾತನ್ನೇ ಎತ್ತಲಿಲ್ಲ. "ಅಂಕಿತಾಗೂ ಎರಡು ರೊಟ್ಟಿ ಇಟ್ಟೇನ್ರಿ ಅಕ್ಕಾರ" ಎಂದು ಮೆಲ್ಲಗೆ ಆ ಡಬ್ಬಿಯನ್ನು ನನ್ನ ಕೈಗಿಟ್ಟಳು.