ರಾಣಿಯ ಮುಂದಿನ ಕಾಲಾಳು

ಜೂನ್ 3, ಸೋಮವಾರ

ಅಂಗಡಿ ತೆಗೆದೆ, ಒಂದೆರಡು ಕನ್ನಡಕಕ್ಕೆ ಗ್ಲಾಸ್ ಕೂರಿಸಿದೆ. ಮನಸ್ಸು ಮಾತ್ರ ನಿನ್ನೆಯ ಚೆಸ್ಸಿನಲ್ಲೇ. ಕ್ಲಬ್ಬಿನ ಮೊದಲ ಬೋರ್ಡ್, ಅಂದರೆ ತಂಡದ ಮೊದಲ ಸ್ಥಾನ, ಯಾರದು ಅನ್ನುವುದಕ್ಕೆ ಮೂರು ಆಟ; ಎರಡು ಗೆದ್ದವನದು. ಮೊದಲನೆಯದೇ ಸೋತೆ. ಅದೂ ಯಾರಿಗೆ? ನಾವೆಲ್ಲ 'ಮೀಸೆ' ಅನ್ನುವ ಆ ಬಸ್ ಕಂಡಕ್ಟರನಿಗೆ!

ಎಂದಿನಂತೆ ರಾಣಿಯ ಮುಂದಿನ ಕಾಲಾಳಿನಿಂದ ಶುರು ಮಾಡಿದೆ. ಪಕ್ಕದ ಕಾಲಾಳನ್ನು ಆಸೆ ತೋರಿಸಿ ಮುಂದಿಟ್ಟೆ — ತಿಂದರೆ ಬೋರ್ಡಿನ ನಡುಭಾಗ ನನ್ನದು. ಮುಟ್ಟಲಿಲ್ಲ. ಸರಿ. ಆಮೇಲೆ ವಾರವಿಡೀ ಅಂಗಡಿಯಲ್ಲಿ ಕಾಯಿ ಜೋಡಿಸಿ ತಲೆ ಕೆಡಿಸಿಕೊಂಡು ಹುಡುಕಿದ್ದ ಹೊಸ ದಾರಿಗೂ ಉತ್ತರ ರೆಡಿ! ಮೀಸೆ ತಿರುವುತ್ತಾ ಆಡಿದ.

ಆ ದಾರಿ ಗೊತ್ತಿದ್ದದ್ದು ಮಾವನಿಗೆ ಮಾತ್ರ. ಹೆಂಡತಿಯ ಅಪ್ಪ, ನಮ್ಮ ಜೊತೆಯಲ್ಲೇ ಇರುವವರು, ನನಗೆ ಈ ಆಟ ಕಲಿಸಿದವರು. ಸಂಜೆ ಪಾರ್ಕಿನಲ್ಲಿ ಕೂರುವುದು ಮೀಸೆಯ ಪಕ್ಕದಲ್ಲೇ... ಛೆ. ಹಾಗಿರಲಾರದು.

ಜೂನ್ 5, ಬುಧವಾರ

ಪಾರ್ಕಿನ ಗೇಟಿನಿಂದ ನೋಡಿದೆ. ಇಬ್ಬರದೂ ಪಿಸಪಿಸ. ನನ್ನನ್ನು ಕಂಡವರೇ ಗಪ್‌ಚಿಪ್.

ಇರಲಿ, ಪರೀಕ್ಷೆ ಮಾಡಿಯೇ ಬಿಡೋಣ. ಭಾನುವಾರ ಎರಡನೇ ಆಟ; ಕ್ಲಬ್ಬಿನ ರೂಢಿಯಂತೆ ಸೋತವನಿಗೇ ಬಿಳಿ ಕಾಯಿ. ಮಾವನೊಬ್ಬರಿಗೇ ಹೊಸ ಉಪಾಯ ಹೇಳಿದೆ. ನಡುವೆ ಕಾಲಾಳು ಬದಲಾಯಿಸಿಕೊಂಡು, ರಾಣಿಯ ಕಡೆಯ ನನ್ನ ಎರಡೇ ಕಾಲಾಳನ್ನು ಅವನ ಮೂರರ ಮೇಲೆ ನುಗ್ಗಿಸುವುದು. ಅವನ ಸಾಲು ಒಡೆದು ಒಂದು ಕಾಲಾಳು ದಿಕ್ಕಿಲ್ಲದೆ ಉಳಿಯುತ್ತದೆ. ಅದನ್ನು ಕಾಯುವುದರಲ್ಲೇ ಅವನಿಗೆ ಸುಸ್ತು.

"ಭೇಷ್ ಅಳಿಯಂದಿರೇ! ಆದ್ರೆ ಬದಲಾಯಿಸ್ಕೊಂಡ್ರೆ ಅವನ ಒಂಟೆಗೆ ದಾರಿ ಬಿಟ್ಟಂಗಾಗುತ್ತೆ, ನೋಡ್ಕೊಳ್ಳಿ."

ಎಷ್ಟು ಮುಗ್ಧ ಮುಖ!

ಜೂನ್ 7, ಶುಕ್ರವಾರ

ಅದೇ ಉಪಾಯವನ್ನು ಅಂಗಡಿಯಲ್ಲಿ ಬೋರ್ಡಿನ ಮೇಲೆ ಜೋಡಿಸಿ ನೋಡಿದೆ, ಎಂದಿನಂತೆ ಕಣ್ಣು ಪರೀಕ್ಷೆ ಕೋಣೆಯ ಶೆಲ್ಫಿನಲ್ಲಿ. ಮೀಸೆ ಬಂದ. ಹೊಸ ಕನ್ನಡಕದಲ್ಲಿ ಸರಿಯಾಗಿ ಕಾಣುವುದಿಲ್ಲವಂತೆ, ಹೋದ ವಾರವೂ ಇದೇ ರಾಗ. ಕುರ್ಚಿಯಲ್ಲಿ ಕೂರಿಸಿ ಅಕ್ಷರ ಓದಿಸಿದೆ. ಪಟಪಟ ಓದಿದ. ಆಟದ ಮಾತೇ ಎತ್ತಲಿಲ್ಲ, ಕಳ್ಳ.

ಜೂನ್ 9, ಭಾನುವಾರ

ಸೋತೆ. ನನ್ನ ಕಾಲಾಳು ಹೊರಡುವ ಮೊದಲೇ ಅವನದು ಬಂದು ದಾರಿಗೆ ಅಡ್ಡ ನಿಂತಿತು, ಬೆನ್ನಿಗೇ ಕುದುರೆ. ಮೊದಲ ಬೋರ್ಡ್ ಹೋಯಿತು.

ಮನೆಗೆ ಬಂದವನೇ ಕೇಳಿಬಿಟ್ಟೆ. "ಅವನಿಗೆ ಯಾವಾಗಿಂದ ಹೇಳ್ಕೊಡ್ತಿದೀರಿ ಮಾವ?"

ಮಾವ ಉಣ್ಣುತ್ತಿದ್ದ ತಟ್ಟೆ ಪಕ್ಕಕ್ಕಿಟ್ಟು ಕೈ ತೊಳೆದರು.

"ರೀ, ತಲೆ ನೆಟ್ಟಗಿದೆಯಾ ನಿಮಗೆ?" ಅಂದಳು ಹೆಂಡತಿ.

ಇಲ್ಲ ಅನ್ನಲೂ ಇಲ್ಲವಲ್ಲ ಅವರು! ಇನ್ನೇನು ಬೇಕು?

ಜೂನ್ 10

ಮಾವ ಬ್ಯಾಗ್ ಹಿಡಿದು ಭಾವಮೈದುನನ ಮನೆಗೆ ಹೋದರು. ಮೂರನೇ ಮಹಡಿ, ಲಿಫ್ಟ್ ಇಲ್ಲ. ಹೋಗಲಿ.

ಜೂನ್ 22, ಶನಿವಾರ

ಮೀಸೆ ಬಂದಿದ್ದ. ಈ ಸಲ ಗ್ಲಾಸನ್ನೇ ಬದಲಾಯಿಸಿದೆ. "ಈಗ ಚೆನ್ನಾಗಿ ಕಾಣ್ತಿದೆಯಾ?"

"ಓಹೋ! ನಿಮ್ಮ ಕುದುರೇನೂ ಕಾಣ್ತಿದೆ."

ಕೋಣೆ ಚಿಕ್ಕದು. ಅಕ್ಷರದ ಹಲಗೆ ಗಿರಾಕಿಯ ಬೆನ್ನ ಹಿಂದೆ, ಎದುರಿಗೆ ಕನ್ನಡಿ. ಅದರಲ್ಲಿ ನೋಡಿ ಓದಬೇಕು. ಹಲಗೆಯ ಕೆಳಗೇ ಶೆಲ್ಫ್, ಅದರ ಮೇಲೆ ನನ್ನ ಚೆಸ್ ಬೋರ್ಡ್. ಅವನನ್ನು ಎಬ್ಬಿಸಿ ನಾನೇ ಕೂತು ನೋಡಿದೆ. ಎಡಬಲ ಅದಲುಬದಲು, ಅಷ್ಟೇ. ಒಂದೊಂದು ಕಾಯಿಯೂ ಸ್ಪಷ್ಟ.

"ಕಣ್ಣಿಗೆ ಬಿತ್ತು, ನೋಡ್ದೆ. ಓದಿ ಅಂದವರು ನೀವೇ ಅಲ್ವಾ?"

"ಮಾವ ಏನೂ ಹೇಳಿರ್ಲಿಲ್ವಾ? ಪಾರ್ಕಲ್ಲಿ?"

"ಅವರಾ? ಮೊಣಕಾಲು ನೋವು, ಮೆಟ್ಟಿಲು ಹತ್ತೋಕಾಗ್ತಿಲ್ಲ, ಮನೇಲಿ ಯಾರಿಗೂ ಹೇಳ್ಬೇಡ ಅಂತಿದ್ರು. ಯಾಕೆ ಸಾರ್?"

ನಾನೆಂಥ ಪಾಪಿ.

ಜೂನ್ 23, ಭಾನುವಾರ, ಸಂಜೆ 7

ಮಾವನ ಕೈಕಾಲು ಹಿಡಿದು ಕರೆತಂದೆ. ಮೂರು ಮಹಡಿ ಇಳಿಯುವಾಗ ನನ್ನ ಹೆಗಲು ಹಿಡಿಯಲಿಲ್ಲ, ಗೋಡೆ ಹಿಡಿದೇ ಇಳಿದರು.

ಮನೆಯಲ್ಲಿ ಅವರೇ ಬೋರ್ಡ್ ಹಾಸಿದರು. ರಾಣಿಯ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದರು; ನಾನೂ ಹಾಗೇ. ಮುಂಚೆ ಪ್ರತಿ ನಡೆಗೂ ಯಾಕೆ ಏನು ಅಂತ ಬಾಯ್ತುಂಬಾ ಹೇಳುತ್ತಿದ್ದರು. ಇವತ್ತು ಕಾಯಿ ಇಟ್ಟು ಕೈ ಕಟ್ಟಿ ಕೂತರು.

"ಏನಾದ್ರೂ ಹೇಳಿ ಮಾವ."

"ಹೇಳಿದ್ರೆ, ನಾಳೆ ಇನ್ಯಾರಿಗೋ ಗೊತ್ತಾದ್ರೆ?"

ತಡೆಯಲಾಗದೆ ಎದ್ದು ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಕೂಗುತ್ತಿದ್ದಾರೆ — "ಅಳಿಯಂದಿರೇ, ನಿಮ್ಮ ನಡೆ." ಪಕ್ಕದ ಕಾಲಾಳನ್ನು ಮುಂದಿಟ್ಟಿದ್ದಾರಂತೆ, ತಗೋಬೇಕಂತೆ. ಕೊಡುವುದಕ್ಕೇ ಇಟ್ಟರೋ, ಇಲ್ಲ ನನ್ನಂತೆಯೇ ಆಸೆ ತೋರಿಸಿದರೋ...